ಗಂಗುಲಮ್ಮನ ಹುಳುಮನೆ ಬಾಗಿಲು

ಗಂಗುಲಮ್ಮನ ಬಾಯಿಗೆ ಸಿಕ್ಕವರು ನೆಟ್ಟಗೆ ಮನೆ ಸೇರುವುದಿಲ್ಲ ಎಂದು ಊರು ಹೇಳುತ್ತದೆ. ಊರು ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ, ಇದು ಮಾತ್ರ ಪೂರಾ ನಿಜ. ಸಾದಲಿ ಹೋಬಳಿಯ ಆ ಹಳ್ಳಿಯಲ್ಲಿ ಕರೆಂಟ್ ಬಿಲ್ಲಿನವನು ಆಕೆಯ ಮನೆಯ ಮೀಟರನ್ನು ಬೀದಿಯಲ್ಲೇ ನಿಂತು ಕತ್ತು ಉದ್ದ ಮಾಡಿ ಓದುತ್ತಾನೆ. ಸ್ವಂತ ಅಳಿಯ, ಸೆಂಟು ಹಾಕಿಕೊಂಡು ಹಬ್ಬಕ್ಕೆ ಬಂದ ತಪ್ಪಿಗೆ, ಹಿತ್ತಲಲ್ಲಿ ಕೂತು ಹೋಳಿಗೆ ತಿಂದು ವಾಪಸು ಹೋಗಿದ್ದಾನೆ. ಮಗಳು ಯಶೋಧರಾ ಚಿಂತಾಮಣಿಯಲ್ಲಿ ಕಾಲೇಜಿನ ಮೇಡಮ್ಮು, ನೂರಾರು ಹುಡುಗರನ್ನು ಕಣ್ಣಲ್ಲೇ ಕೂರಿಸುವವಳು. ಅವಳೂ ತಾಯಿಯ ಮನೆಗೆ ಬರುವ ದಿನ ಮುಖಕ್ಕೆ ಪೌಡರ್ ಹಚ್ಚುವುದಿಲ್ಲ.

ಇದಕ್ಕೆಲ್ಲ ಕಾರಣ ಮನೆಗೆ ಅಂಟಿಕೊಂಡಿರುವ ಹುಳುಮನೆ. ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ, ಮೇಲೆ ಶೀಟು, ಕಿಟಕಿಗೆಲ್ಲ ನೊಣ ನುಸುಳದಂತೆ ನೈಲಾನ್ ಬಲೆ. ಮುಂಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಪ್ಲಾಸ್ಟಿಕ್ ಟಬ್ಬು. ಅದರಲ್ಲಿ ಕಾಲು ಅದ್ದದೆ ಗಂಡ ಬಯ್ಯಪ್ಪನೂ ಒಳಗೆ ಹೋಗುವಂತಿಲ್ಲ. ಬೀಡಿ ಸೇದಿದವರು ಹೋಗುವಂತಿಲ್ಲ, ಮಲ್ಲಿಗೆ ಮುಡಿದವರು ಹೋಗುವಂತಿಲ್ಲ, ತೋಟಕ್ಕೆ ಔಷಧಿ ಹೊಡೆದು ಬಂದವರಂತೂ ಆ ಬೀದಿಯಲ್ಲಿ ಸುಳಿಯುವಂತಿಲ್ಲ. ರೇಷ್ಮೆ ಹುಳುವಿನಷ್ಟು ಸೂಕ್ಷ್ಮದ ಜೀವ ಇನ್ನೊಂದಿಲ್ಲ. ಅದು ವಾಸನೆಗೂ ಸಾಯುತ್ತದೆ.

ಗಂಗುಲಮ್ಮ ಹುಟ್ಟಿದ್ದು ತೊಂಡೇಬಾವಿ ಕಡೆ. ಹದಿನೇಳಕ್ಕೆ ಮದುವೆಯಾಗಿ ಈ ಊರಿನ ಕಾಲೋನಿಗೆ ಬಂದಳು. ಕಾಲೋನಿ ಎಂದರೆ ಯಾವುದೆಂದು ಈ ಸೀಮೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಊರಿನವರು ಯಾರನ್ನು ಹೊಸ್ತಿಲಾಚೆ ನಿಲ್ಲಿಸುತ್ತಾರೋ ಅವರ ಕೇರಿ ಅದು. ಬಂದ ಮೂರನೇ ದಿನಕ್ಕೆ ಮುನಿಶಾಮಮ್ಮನ ದೊಡ್ಡಮನೆಯಲ್ಲಿ ಕೂಲಿಗೆ ಸೇರಿದಳು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತಂದು ಹುಳುಮನೆಯ ಮೆಟ್ಟಿಲ ಕೆಳಗೆ ಇಳಿಸಬೇಕು. ಅಲ್ಲಿಂದ ಒಳಕ್ಕೆ ಒಯ್ಯುವುದು ಮನೆಯವರ ಕೆಲಸ. ಹನ್ನೊಂದು ವರ್ಷ ಸೊಪ್ಪು ಹೊತ್ತರೂ ಆ ಹುಳ ಎಷ್ಟು ದಪ್ಪವೆಂದು ಆಕೆ ಕೈಯಲ್ಲಿ ಹಿಡಿದು ನೋಡಲಿಲ್ಲ. ನೋಡಿದ್ದೆಲ್ಲ ಕಿಟಕಿಯಿಂದ. ಯಾವ ವಯಸ್ಸಿಗೆ ಎಂಥ ಎಲೆ, ಹುಳ ಪೊರೆ ಬಿಡುವ ಮುಂಚೆ ಜ್ವರಕ್ಕೆ ಕೂತಾಗ ಎಷ್ಟು ಹೊತ್ತು ಸೊಪ್ಪು ನಿಲ್ಲಿಸಬೇಕು, ಯಾವಾಗ ಸುಣ್ಣ ಉದುರಿಸಬೇಕು, ಎಲ್ಲವನ್ನೂ ಬೆವರೊರೆಸಿಕೊಳ್ಳುವ ನೆಪದಲ್ಲಿ ಕಿಟಕಿಯ ಹತ್ತಿರ ನಿಂತು ಕಲಿತಳು.

ಒಂದು ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ಹುಳಗಳು ಊದಿಕೊಂಡು, ಒಡೆದು, ಬಿಳೀ ನೀರಾಗಿ ಹರಿದವು. ಮುನಿಶಾಮಮ್ಮ ಅಂಗಳಕ್ಕೆ ಬಂದು, "ಕಿಟ್ಕಿ ತಾವ ನಿಂತ್ಕೋಬೇಡ ಅಂತ ಎಷ್ಟು ಸಲ ಹೇಳಿದೀನೇ? ನಿನ್ ನೆರಳು ಬಿದ್ದೇ ಹಿಂಗಾಗಿದ್ದು ಕಣೇ," ಎಂದು ಹತ್ತು ಜನರ ಮುಂದೆ ಕೂಗಿದಳು. ಒದ್ದೆ ಸೊಪ್ಪು ಹಾಕಿದ್ದು ಅವಳ ಸೊಸೆ. ಗಂಗುಲಮ್ಮನಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಹೇಳದೆ ನುಂಗಿದ ಆ ಒಂದು ಮಾತಿಗೇ ಇರಬೇಕು, ಆಮೇಲೆ ಆಕೆ ಒಂದು ಮಾತನ್ನೂ ನುಂಗಲಿಲ್ಲ.

ಸರ್ಕಾರ ಕೊಟ್ಟ ಇಪ್ಪತ್ತು ಗುಂಟೆಯಲ್ಲಿ ಕಲ್ಲು ಆರಿಸಿ ಹಿಪ್ಪುನೇರಳೆ ಕಡ್ಡಿ ನೆಟ್ಟಳು. ಹುಳುಮನೆಯ ಗೋಡೆಗೆ ತಾನೇ ಇಟ್ಟಿಗೆ ಹೊತ್ತಳು. ಬುದ್ಧ, ಬಾಬಾಸಾಹೇಬರ ಫೋಟೋಗಳನ್ನು ವಾಸದ ಮನೆಯಲ್ಲಿ ಹಾಕಿದಳು. ಹುಳುಮನೆಯಲ್ಲಿ ಏನೂ ಹಾಕಲಿಲ್ಲ, ಅಲ್ಲಿ ಊದುಬತ್ತಿ ಹೊಗೆಯೂ ಆಗದು. ಇಪ್ಪತ್ತೊಂಬತ್ತು ವರ್ಷದಲ್ಲಿ ಆಕೆಯ ಬೆಳೆ ಎರಡೇ ಸಲ ಕೆಟ್ಟಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಆಕೆಯ ಗೂಡು ಬಂತೆಂದರೆ ನೂಲು ಬಿಚ್ಚಿಸುವ ಸಾಹೇಬರುಗಳು ಟೀ ಲೋಟ ಕೆಳಗಿಟ್ಟು ಎದ್ದು ಬರುತ್ತಾರೆ.

ಅತ್ತ ದೊಡ್ಡಮನೆಯಲ್ಲಿ ಮುನಿಶಾಮಮ್ಮ ತೀರಿಕೊಂಡ ಮೇಲೆ ಮಗ ರಾಮಾಂಜಿನಪ್ಪ ಹುಳ ತೆಗೆದುಹಾಕಿದ. ಹುಳ ಸಾಕುವುದಕ್ಕೆ ಹೊತ್ತಿಗೆ ಸರಿಯಾಗಿ ಏಳಬೇಕು, ಅದು ಅವನ ಜಾತಕದಲ್ಲೇ ಇರಲಿಲ್ಲ. ಕಂಬಗಳಿಗೆ ವಾರ್ನಿಶ್ ಬಳಿದು, ಜಗಲಿಯ ಮೇಲೆ ಮುರುಕಲು ರಾಟೆಯೊಂದನ್ನಿಟ್ಟು, ಮನೆಯನ್ನು ಹೋಂಸ್ಟೇ ಮಾಡಿದ. ಹೋದ ವರ್ಷದಿಂದ ಬೆಂಗಳೂರಿನ ಹರಿಣಿ ಎಂಬ ಹೆಣ್ಣುಮಗಳು ವ್ಯಾನು ತುಂಬ ಜನರನ್ನು ಅಲ್ಲಿಗೆ ಕರೆತರತೊಡಗಿದಳು. ಅವಳು ಹಂಚುವ ಕಾಗದದಲ್ಲಿ ಆ ತಿರುಗಾಟಕ್ಕೆ "ಪಿನಾಕಿನಿಯಿಂದ ಪಾಪಾಗ್ನಿಗೆ: ನದಿ ಕಣಿವೆಯ ವನ್ಯಜೀವಿ ಮತ್ತು ಸಂಸ್ಕೃತಿ ಪ್ರವಾಸ" ಎಂದು ಹೆಸರು. ಗೌರಿಬಿದನೂರಿನಲ್ಲಿ ಹತ್ತಿಸಿಕೊಂಡು, ಚಿಂತಾಮಣಿಯ ಬಂಡೆಗಳಲ್ಲಿ ಕಾಡುಪಾಪ ಹುಡುಕಿಸಿ, ಎರಡನೇ ದಿನ ಇಲ್ಲಿಗೆ ತಂದು ಇಳಿಸುವುದು. ನದಿ ಎಲ್ಲಿದೆ ಎಂದು ಕೇಳಬಾರದು. ಮಳೆಗಾಲದಲ್ಲಿ ನಾಲ್ಕು ದಿನ ಹರಿದರೆ ಹೆಚ್ಚು, ಉಳಿದಂತೆ ಮರಳು, ಜಾಲಿ, ಚೆಕ್‌ಡ್ಯಾಮಿನ ಹಿಂದೆ ಹಸಿರುಗಟ್ಟಿದ ನೀರು. ನವಿಲು, ಗೌಜಲಹಕ್ಕಿ ಅಲ್ಲಿ ಬೇಕಾದಷ್ಟಿವೆ. ಸೊಳ್ಳೆ ಅದಕ್ಕೂ ಜಾಸ್ತಿ.

ಆ ಸಲದ ಕಾಗದದಲ್ಲಿ ಒಂದು ಸಾಲು ಹೊಸದಾಗಿ ಸೇರಿತ್ತು: ಹುಳುಮನೆ ಭೇಟಿ. ವನ್ಯಜೀವಿಯ ಕೆಳಗೋ ಸಂಸ್ಕೃತಿಯ ಕೆಳಗೋ, ಬರೆದವರಿಗೇ ಗೊತ್ತು. ಹಿಂದಿನ ಸಂಜೆ ರಾಮಾಂಜಿನಪ್ಪ ಗಂಗುಲಮ್ಮನ ಅಂಗಳದಲ್ಲಿ ಬಂದು ನಿಂತ.

"ಏಮ್ಮಾ ಗಂಗುಲು, ನಾಳೆ ಹನ್ನೆರಡು ಜನ ಬರ್ತಾರೆ. ನಿನ್ ಹುಳಮನೆ ತೋರಿಸ್ಬಿಡು."

"ಆಗಲ್ಲ ಗೌಡ್ರೆ. ನಾಲ್ಕನೇ ಜ್ವರ ಎದ್ದು ಆರು ದಿನ ಆಯ್ತು. ನಾಡಿದ್ದು ಹುಳ ಹಣ್ಣಾಗ್ತದೆ. ಯಾರನ್ನೂ ಬಿಡಲ್ಲ."

"ಪ್ರೋಗ್ರಾಂನಾಗೆ ಹಾಕ್ಬಿಟ್ಟಿದೀವಿ ಕಣಮ್ಮ."

"ಹಾಕೋಕ್ ಮುಂಚೆ ನನ್ನ ಕೇಳಿದ್ರಾ?"

ಅವನು ಹಲ್ಲು ಕಿರಿದು ಹೋದ. ಗಂಗುಲಮ್ಮನಿಗೆ ಆ ನಗು ಹಿಡಿಸಲಿಲ್ಲ. ಹುಳ ಹಣ್ಣಾಗುವುದೆಂದರೆ ಮೈ ಹಳದಿಗೆ ತಿರುಗಿ, ಎಲೆ ಬಿಟ್ಟು, ನೂಲು ಬಿಡಲು ತಯಾರಾಗುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತವೆ. ಅಲ್ಲಿಯವರೆಗೆ ತಿಂಗಳ ಸೇವೆಯೆಲ್ಲ ಗಾಳಿಯಲ್ಲಿಟ್ಟ ದೀಪ. ಮೂರು ಸ್ಟ್ಯಾಂಡುಗಳ ತುಂಬ ಬೆರಳುದ್ದದ ಹುಳಗಳು ಮಳೆ ಸುರಿದ ಹಾಗೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು. ಇಷ್ಟು ಚೆಂದದ ಬೆಳೆ ಐದಾರು ವರ್ಷದಿಂದ ಆಗಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಅವರು ಬಂದೇಬಿಟ್ಟರು. ಹೊಳೆ ತಿರುಗಿ ನವಿಲು ನೋಡಿ, ಬೂಟಿನ ತುಂಬ ಮರಳು, ಕೊರಳಲ್ಲಿ ಕ್ಯಾಮೆರಾ. ಹರಿಣಿ ಮುಂದೆ ಬಂದು ಕೈ ಮುಗಿದಳು.

"ನಮಸ್ತೆ ಆಂಟಿ, ಜಸ್ಟ್ ಐದೇ ನಿಮಿಷ. ಯಾರೂ ಏನೂ ಮುಟ್ಟಲ್ಲ, ಪ್ರಾಮಿಸ್."

ಗಂಗುಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಗಾಳಿ ಆ ಕಡೆಯಿಂದ ಬೀಸಿತು. ಆಕೆಯ ಮೂಗು ಅರಳಿತು.

"ಏನಮ್ಮ ಬಳ್ಕೊಂಡಿದೀರ ಎಲ್ರೂ?"

"ಓ, ಅದಾ? ಸೊಳ್ಳೆ ಸ್ಪ್ರೇ ಆಂಟಿ. ಹೊಳೇಲಿ ತುಂಬ ಕಚ್ತಿತ್ತು. ಬಟ್ಟೆಗೂ ಹೊಡ್ಕೊಂಡ್ವಿ."

"ಸೊಳ್ಳೆ ಸಾಯೋ ಔಷ್ದಿಗೆ ನನ್ನ ಹುಳ ಬದುಕ್ತವಾ? ದೂರ ಹೋಗಿ! ಆ ಹುಣಸೆಮರದಿಂದ ಈಚೆ ಯಾರಾದ್ರೂ ಬಂದ್ರೆ ನನ್ ಕೈಯಲ್ಲಿ ಮರ್ಯಾದೆ ಉಳಿಯಲ್ಲ!"

ಹನ್ನೆರಡರಲ್ಲಿ ಕೆಲವರ ಮುಖ ಕಪ್ಪಿಟ್ಟಿತು. ದುಡ್ಡು ಕೊಟ್ಟು ಬಂದು ಬೈಸಿಕೊಳ್ಳುವುದು ಯಾರಿಗೆ ಸೇರುತ್ತದೆ? ಒಬ್ಬಾಕೆ ಇಂಗ್ಲಿಷಿನಲ್ಲಿ ಏನೋ ಅಂದಳು. ಇನ್ನೊಬ್ಬಾಕೆ ಗಂಗುಲಮ್ಮನ ಸಿಟ್ಟಿನ ಫೋಟೋ ತೆಗೆದಳು. ಹರಿಣಿ ಮಾತ್ರ ಪಾಪ ಅರ್ಥ ಮಾಡಿಕೊಂಡು, "ಬನ್ನಿ ಬನ್ನಿ, ಹಿಂದಕ್ಕೆ ಬನ್ನಿ," ಎಂದು ಎಲ್ಲರನ್ನೂ ಸರಿಸತೊಡಗಿದಳು. ಅಷ್ಟರಲ್ಲೇ ಗಂಗುಲಮ್ಮನಿಗೆ ಒಂದು ವಿಷಯ ಹೊಳೆಯಿತು. ರಾಮಾಂಜಿನಪ್ಪ ಎಲ್ಲಿ?

ಹುಳುಮನೆಗೆ ಹಿಂದೊಂದು ಬಾಗಿಲಿದೆ, ಕಸ ಹೊರಹಾಕುವುದಕ್ಕೆ. ಬರೀ ಚಿಲಕ. ಒಳಗಿನಿಂದ ಯಾರೋ ನಕ್ಕ ಸದ್ದು ಬಂತು.

ಆಕೆ ಒಳಗೆ ನುಗ್ಗಿದಾಗ ಮಧ್ಯದ ಸ್ಟ್ಯಾಂಡಿನ ಮುಂದೆ ಟೋಪಿಯ ಗಂಡಸೊಬ್ಬ ಅಂಗೈಯಲ್ಲಿ ಮೂರು ಹುಳ ಇಟ್ಟುಕೊಂಡು ನಿಂತಿದ್ದ. ಮೊಣಕೈವರೆಗೆ ತೋಳು ಸೊಪ್ಪಿನ ಮೇಲೆ ಊರಿಕೊಂಡಿತ್ತು. ಅವನ ಫೋನು ಹಿಡಿದು ಫೋಟೋ ತೆಗೆಯುತ್ತಿದ್ದವನು ರಾಮಾಂಜಿನಪ್ಪ.

"ಎರಡೇ ನಿಮಿಷ ಕಣಮ್ಮ, ಏನಾಗ್ಬಿಡ್ತದೆ ಈಗ..."

ಗಂಗುಲಮ್ಮ ಎಲೆ ತಿಂದು ಬಿಟ್ಟ ಕಡ್ಡಿಯೊಂದನ್ನು ಎಳೆದುಕೊಂಡಳು. ಟೋಪಿಯವನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಕಡ್ಡಿಯ ಭಾಷೆ ಅರ್ಥವಾಯಿತು. ಇಬ್ಬರೂ ಹಿಂಬಾಗಿಲಿಂದ ಓಟ ಕಿತ್ತರು.

ಅರ್ಧ ಗಂಟೆಗೆ ಶುರುವಾಯಿತು. ಅವನ ತೋಳು ತಗುಲಿದ ಕಡೆ ಹುಳಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ಆಮೇಲೆ ಬಾಯಿಂದ ಹಸಿರು ನೀರು ಕಕ್ಕಿದವು. ತೋಟದಿಂದ ಓಡಿ ಬಂದ ಬಯ್ಯಪ್ಪ ನೋಡಿ ಅಲ್ಲೇ ಕುಸಿದು ಕೂತ. ಗಂಗುಲಮ್ಮ ಕೂರಲಿಲ್ಲ. ಬಲೆ ಕಿತ್ತು ಕಿಟಕಿಗಳನ್ನೆಲ್ಲ ತೆರೆದಳು, ನಡುವಿನ ಸ್ಟ್ಯಾಂಡಿನ ಸೊಪ್ಪನ್ನು ಹುಳದ ಸಮೇತ ಬಾಚಿ ಬಾಚಿ ಹೊರಗೆ ಎಸೆದಳು. ಅದರಲ್ಲಿ ಇನ್ನೂ ಚೆನ್ನಾಗಿದ್ದವೂ ಇದ್ದವು. ಎತ್ತಿ ಬೇರೆ ಮಾಡುವಷ್ಟು ಹೊತ್ತಿರಲಿಲ್ಲ, ಔಷಧಿ ಪಕ್ಕಕ್ಕೆ ಹಬ್ಬಿದರೆ ಮೂರೂ ಹೋಗುತ್ತಿತ್ತು. ಬದುಕಿದ್ದ ಹುಳವನ್ನು ತನ್ನ ಕೈಯಾರೆ ತಿಪ್ಪೆಗೆ ಹಾಕುವಾಗ ಆಕೆಗೆ ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಮಧ್ಯಾಹ್ನದ ಹೊತ್ತಿಗೆ ಎರಡು ಸ್ಟ್ಯಾಂಡು ಉಳಿದವು.

"ಇನ್ನೇನ್ ಮಾಡೋಕಾಯ್ತದೆ, ಬಿಡು," ಎಂದ ಬಯ್ಯಪ್ಪ.

"ನೀನ್ ಬಿಡು. ಒಂದು ಗಂಟೆಗೆ ಸೊಪ್ಪು ಹಾಕು. ಕೈ ತೊಳ್ಕೊಂಡು ಹಾಕು," ಎಂದು ಹೇಳಿ, ವಿಲಗುಟ್ಟುತ್ತಿದ್ದ ಹುಳಗಳನ್ನು ಒಂದು ಮೊರದ ತುಂಬ ತುಂಬಿಕೊಂಡು ಗಂಗುಲಮ್ಮ ಊರೊಳಕ್ಕೆ ನಡೆದಳು.

ದೊಡ್ಡಮನೆಯ ನಡುಮನೆಯಲ್ಲಿ ಊಟ ನಡೆಯುತ್ತಿತ್ತು. ಬಾಳೆಲೆ, ರಾಗಿಮುದ್ದೆ, ಹಿತಕಿದ ಅವರೆಬೇಳೆ ಸಾರು. ಮುದ್ದೆ ಮುರಿಯುವುದನ್ನು ಹರಿಣಿ ತೋರಿಸಿಕೊಡುತ್ತಿದ್ದಳು. ಗಂಗುಲಮ್ಮ ಜಗಲಿಯ ಹತ್ತಿರ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದಳು, ಹೊಸ್ತಿಲು ದಾಟಿದಳು, ಎರಡು ಸಾಲು ಎಲೆಗಳ ನಡುವೆ ಮೊರವನ್ನು ಇಳಿಸಿದಳು. ಟೋಪಿಯವನ ಕೈಯ ತುತ್ತು ಅಲ್ಲೇ ನಿಂತಿತು.

"ನೋಡ್ಕೊಳ್ಳಿ. ಬೆಳಗ್ಗೆ ಯಾರೂ ಸರಿಯಾಗಿ ನೋಡ್ಲಿಲ್ವಲ್ಲ."

ಹರಿಣಿ ಎದ್ದು ನಿಂತಳು. "ಅಯ್ಯೋ ಆಂಟಿ... ಒಳಗೆ ಯಾರು ಹೋದ್ರು? ನಾನು ಎಲ್ರನ್ನೂ ಕಳಿಸಿದ್ನಲ್ಲ..."

"ಕೇಳಮ್ಮ, ನಿಮ್ಮ ಗೌಡ್ರನ್ನ ಕೇಳು."

ಸಾರಿನ ಸೌಟು ಹಿಡಿದಿದ್ದ ರಾಮಾಂಜಿನಪ್ಪ, "ಎಷ್ಟಾಯ್ತದೋ ಹೇಳಮ್ಮ, ಕೊಟ್ಬಿಡ್ತೀನಿ. ಇಲ್ಲಿ ಗಲಾಟೆ ಬೇಡ, ಹೊರಗೆ ನಡಿ," ಎಂದ.

"ಈ ಸಾರ್‌ಗೆ ಗೊತ್ತಿರ್ಲಿಲ್ಲ, ಇವ್ರನ್ನ ಬೇಕಾದ್ರೆ ಬಿಡ್ತೀನಿ. ನೀನು ಹುಳ ಸಾಕಿದ ಮನೇಲಿ ಹುಟ್ದೋನು. ನಿನ್ ತಾಯಿ ಹುಳಮನೆಗೆ ಹೋಗೋಕೆ ಮುಂಚೆ ಮೂರು ಸಲ ಕೈ ತೊಳೀತಿದ್ರು. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನುಗ್ಗಿದೆ. ಕಾಲೋನಿಯೋಳ ಬಾಗ್ಲು ತಾನೆ, ಯಾರನ್ನ ಕೇಳೋದು ಅಂತ."

ಗಂಗುಲಮ್ಮ ಹರಿಣಿಯ ಕಡೆ ತಿರುಗಿದಳು.

"ನಿಮಗೆ ಸಂಸ್ಕೃತಿ ನೋಡ್ಬೇಕು ಅಲ್ವೇನಮ್ಮ? ಬನ್ನಿ, ನಾನೂ ನೋಡ್ತೀನಿ. ನಲವತ್ತೊಂದು ವರ್ಷ ಆಯ್ತು ಈ ಊರಿಗೆ ಬಂದು, ಈ ಮನೆ ಒಳಗೆ ಏನೈತೆ ಅಂತ ನಾನೂ ಕಂಡಿಲ್ಲ."

ಹಾಗೆಂದು ಆಕೆ ಎಲೆಗಳ ಸಾಲು ದಾಟಿ, ಒಳಗಿನ ಕತ್ತಲೆಯಲ್ಲಿ ದೀಪ ಮಿಣುಕುತ್ತಿದ್ದ ದೇವರಮನೆಯತ್ತ ಹೆಜ್ಜೆ ಹಾಕಿದಳು. ಸೌಟು ಠಣ್ಣೆಂದು ನೆಲಕ್ಕೆ ಬಿತ್ತು. ರಾಮಾಂಜಿನಪ್ಪ ಓಡಿಬಂದು, ಎರಡೂ ಕೈ ಅಗಲಿಸಿ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತ. ಬೆಳಗ್ಗೆ ಹುಳುಮನೆಯಲ್ಲಿ ನಗುತ್ತಿದ್ದ ಮುಖ ಬೆವರಿತ್ತು.

"ಬೇಡ ಗಂಗುಲು. ಇಲ್ಲಿಗೆ ಬೇಡ. ಬೇರೆ ಏನ್ ಬೇಕಾದ್ರೂ ಕೇಳು."

ಊಟದ ಸಾಲಿನಲ್ಲಿ ಒಂದು ಫೋನು ಮೇಲೆದ್ದಿತು. ಹರಿಣಿ ಅದನ್ನು ಹಿಡಿದು ಕೆಳಗಿಳಿಸಿದಳು. ಗಂಗುಲಮ್ಮ ಅವನಿಂದ ಒಂದು ಮೊಳ ದೂರದಲ್ಲಿ ನಿಂತಳು. ಆಕೆಯ ದನಿ ಏರಲಿಲ್ಲ. ಊರು ಕಂಡಂತೆ ಅದು ಮೊದಲ ಸಲ.

"ನಾನೂ ಬೆಳಗ್ಗೆ ಹಿಂಗೇ ಬಾಗ್ಲಿಗೆ ಅಡ್ಡ ನಿಂತಿದ್ದೆ ಕಣಪ್ಪ, ಬಿಟ್ರೆ ಒಳಗಿನ ಹುಳ ಸಾಯ್ತವೆ ಅಂತ. ನೀನು ಬಂದೆ, ಸತ್ತವು. ಈಗ ನೀನ್ ಹೇಳು. ನಾನು ಬಂದ್ರೆ ಒಳಗೆ ಏನು ಸಾಯ್ತದೆ?"

ಹನ್ನೆರಡು ಜನ ಕೈತುತ್ತು ಹಿಡಿದುಕೊಂಡೇ ಅವನ ಉತ್ತರಕ್ಕೆ ಕಾದರು. ರಾಮಾಂಜಿನಪ್ಪ ಕೈಗಳನ್ನು ಚೌಕಟ್ಟಿನಿಂದ ತೆಗೆಯಲಿಲ್ಲ.