ಲದ್ದಿಯ ಬಿಸಿಯಲ್ಲಿ ಬದನೆ ಸಸಿ

ಮೊನ್ನೆ ಭಾನುವಾರ ಕುದುರೆ ಲದ್ದಿಯ ಮೂಟೆಗಳನ್ನು ಕಾರಿನ ಡಿಕ್ಕಿಗೆ ತುಂಬುವಾಗ ಆ ವಾಸನೆ ಮೂಗಿಗೆ ಬಡಿಯಿತು... ಒಣಹುಲ್ಲು, ಗಂಜಲ, ಹಬೆ ಎಲ್ಲ ಕಲೆಸಿದ ವಾಸನೆ. ನನ್ನ ಗಂಡ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ಪಕ್ಕದ ಮನೆಯ ಆಂಟಿ ನೆನಪಾದರು.

ಅವರು ಮೈಸೂರಿನವರು, ದಕ್ಷಿಣ ಗೋಳಾರ್ಧದ ಈ ಹ್ಯಾಮಿಲ್ಟನ್‌ಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ನಾನು ಇಲ್ಲಿನ ಆಸ್ಪತ್ರೆಗೆ ನರ್ಸ್ ಆಗಿ ಬಂದ ಹೊಸದರಲ್ಲಿ, ಊರಿನ ರೂಢಿಯಂತೆ ಯುಗಾದಿ ಕಳೆದ ಮೇಲೆ ಬದನೆ ಬೀಜ ಹಾಕಿದೆ. ಇಲ್ಲಿ ಯುಗಾದಿಗೆ ಎಲೆ ಉದುರಲು ಶುರುವಾಗುತ್ತದೆ ಎಂಬುದು ನನ್ನ ಜಾಣ ತಲೆಗೆ ಹೊಳೆಯಲೇ ಇಲ್ಲ. ಆಂಟಿ ಬೇಲಿಯಾಚೆಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಆಗಸ್ಟ್ ಬರಲಿ, ಲದ್ದಿ ತರೋಣ ಎಂದರು.

ಹಲಗೆ ಹೊಡೆದ ಚೌಕದೊಳಗೆ ಹಸಿ ಲದ್ದಿ ತುಳಿದು ತುಂಬುವುದು, ನೀರು ಚಿಮುಕಿಸುವುದು, ಅದು ಕುದ್ದು ಆರುವವರೆಗೆ ಒಂದು ವಾರ ಕಾಯುವುದು. ಆಂಟಿ ದಿನಾ ಮೊಣಕೈವರೆಗೂ ಕೈ ತೂರಿಸಿ ನೋಡುತ್ತಿದ್ದರು. ಮಗುವಿಗೆ ಎರೆಯುವ ನೀರಿನ ಹದಕ್ಕೆ ಬಂದ ಮೇಲೆ ಮಣ್ಣು ಹರಡಿ, ಬೀಜ ಬಿತ್ತಿ, ಮೇಲೆ ಹಳೆಯ ಕಿಟಕಿಯ ಗಾಜು ಮುಚ್ಚಿದರು.

ಬೀಜ ವಾಂಗಿಬಾತಿನ ಹಸಿರು ಬದನೆಯದು. ವರ್ಷವರ್ಷವೂ ಅದನ್ನು ಉಳಿಸಿಕೊಂಡು ಬಂದವರು ಅವರ ಗಂಡ, ಅಂಕಲ್. ಆ ಬೇಸಿಗೆಯಲ್ಲಷ್ಟೇ ಅವರು ತೀರಿಕೊಂಡಿದ್ದರು. ಅವರು ಕೈಯಾರೆ ಒಣಗಿಸಿದ ಕೊನೆಯ ಪೊಟ್ಟಣ ಅದು. ಒಂದಾದರೂ ಮೊಳೆಯಲಿ ಎಂದು ಆಂಟಿ ಅಷ್ಟನ್ನೂ ಹಾಕಿಬಿಟ್ಟರು. ಮೊಳೆತವು... ಎರಡೆಲೆ ಬಿಟ್ಟ ದಿನ ಅವರು ನನಗೆ ಪಾಯಸ ತಂದುಕೊಟ್ಟರು.

ಗೌರಿ ಹಬ್ಬಕ್ಕೆ ಅವರು ಫ್ಲ್ಯಾಟ್ ಬುಷ್‌ನ ನೆಂಟರ ಮನೆಗೆ ಎರಡು ದಿನ ಹೋಗಬೇಕಾಯಿತು. ಬಿಸಿಲು ಬಂದರೆ ಗಾಳಿಯಾಡುವಂತೆ ಗಾಜಿನ ಕೆಳಗೆ ಇಟ್ಟಿಗೆ ಕೊಡು ಎಂದು ಎರಡೆರಡು ಸಲ ಹೇಳಿ ಹೋದರು. ಮರುದಿನ ಬೆಳಿಗ್ಗೆ ಹುಲ್ಲೆಲ್ಲ ಹಿಮಕ್ಕೆ ಬೆಳ್ಳಗಾಗಿತ್ತು. ಹಸುಗೂಸಿರುವ ಕೋಣೆಯ ಕಿಟಕಿ ತೆರೆಯುವವರನ್ನು ನಮ್ಮ ಮನೆಗಳಲ್ಲಿ ನಾನು ಕಂಡಿಲ್ಲ. ಪಾಪ, ಚಳಿ, ಮುಚ್ಚೇ ಇರಲಿ ಎಂದುಕೊಂಡು ಡ್ಯೂಟಿಗೆ ಹೋದೆ. ಹತ್ತು ಗಂಟೆಗೆ ಬಿಸಿಲು ಸುರಿಯಿತು. ಕೆಳಗೆ ಲದ್ದಿಯ ಕಾವು, ಮೇಲೆ ಗಾಜು. ಸಂಜೆ ಬಂದು ನೋಡಿದರೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಮಣ್ಣಿಗೆ ಅಂಟಿಕೊಂಡಿದ್ದವು. ಅಲ್ಲೇ ಕೂತು ಅತ್ತೆ.

ಆಂಟಿ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮೆಲ್ಲಗೆ ಬಗ್ಗಿ ಮಣ್ಣೊಳಗೆ ಕೈ ತೂರಿಸಿದರು.

"ಬಿಸಿ ಇನ್ನೂ ಇದೆ ಕಣಮ್ಮ, ದಂಡ ಮಾಡೋದು ಬೇಡ. ಟೊಮೆಟೊ ಹಾಕೋಣ."

ಹಾಕಿದೆವು. ಆ ವರ್ಷ ಟೊಮೆಟೊ ಬೇಕಾದಷ್ಟು ಬಿಟ್ಟಿತು. ನಾನು ಕ್ಷಮೆ ಕೇಳಲು ಹೋದಾಗಲೆಲ್ಲ ಅವರು ಕೈಗೆ ಒಂದು ಬುಟ್ಟಿ ಕೊಟ್ಟು, ಹೋಗು, ಸಾರು ಮಾಡು ಎನ್ನುತ್ತಿದ್ದರು...

ಕಳೆದ ಚಳಿಗಾಲದಲ್ಲಿ ಆಂಟಿಯೂ ತೀರಿಹೋದರು. ಮನೆ ಖಾಲಿ ಮಾಡಲು ನೆಲ್ಸನ್‌ನಿಂದ ಅವರ ಮಗಳು ಬಂದಿದ್ದಳು, ಇಲ್ಲೇ ಹುಟ್ಟಿ ಬೆಳೆದವಳು. ಸಸಿಮಡಿಯ ಹಲಗೆಗಳನ್ನು ನಾನು ಇಟ್ಟುಕೊಳ್ಳಲೇ ಎಂದು ಕೇಳಿದೆ. ಅವಳು ಹೂಂ ಎಂದು, ಸ್ವಲ್ಪ ತಡೆದು ಹೇಳಿದಳು: "ಅಮ್ಮ ಆ ಇಯರ್ ಗ್ಲಾಸ್ ಓಪನ್ ಮಾಡೋಕೆ ಮರೆತುಬಿಟ್ಲು, ಅಕ್ಕ. ಡ್ಯಾಡ್ ಸೀಡ್ಸ್ ಎಲ್ಲಾ ಹೋಯ್ತು. ನಾನು ತುಂಬಾ ಬೈದೆ ಅವಳಿಗೆ ಫೋನಲ್ಲಿ."

ನನ್ನ ತಪ್ಪನ್ನು ಆಂಟಿ ತಮ್ಮ ಮೇಲೆ ಹಾಕಿಕೊಂಡು, ಮಗಳ ಕೈಲಿ ಬೈಸಿಕೊಂಡು, ಮಾರನೆಯ ದಿನ ನನ್ನ ಜೊತೆ ಟೊಮೆಟೊ ಬೀಜ ಬಿತ್ತಿದ್ದರು. ಅವಳು ಹೋಗುವವರೆಗೂ ನಿಜ ಹೇಳಲಿಲ್ಲ. ಹೆದರಿಕೆ, ಮತ್ತೇನಲ್ಲ.

ಈಗ ಇಷ್ಟೆಲ್ಲ ಬರೆದಿದ್ದೇನೆ. ಆದರೆ ಆ ಹುಡುಗಿಗೆ ಕನ್ನಡ ಓದಲು ಬರುವುದಿಲ್ಲ. ಫೋನ್ ಮಾಡಿಯೇ ಹೇಳಬೇಕು.