ಅವನ ಪೆನ್‌ಡ್ರೈವಿನ ಹೆಡರ್

2010ರ ಸುಮಾರಿಗೆ ನಾನು ಗೋವಾದ ಮಡಗಾಂವಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ತಾತ್ಕಾಲಿಕ ಸಹಾಯಕನಾಗಿದ್ದೆ. ಅವ್ವ ಫಾತೋರ್ಡಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನನ್ನ ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೇ ಕಟ್ಟುತ್ತಿದ್ದಳು. ಪಕ್ಕದಲ್ಲಿ ಕೂತವನನ್ನು ಬಿಟ್ಟು ಉಣ್ಣುವುದು ನಮ್ಮಲ್ಲಿಲ್ಲ. ಎರಡು ವರ್ಷ ಆ ರೊಟ್ಟಿ ತಿಂದವನು ವಿಜಾಪುರ ಕಡೆಯ ನನ್ನ ಜೊತೆಗಾರ. ಅವನೂ ತಾತ್ಕಾಲಿಕನೇ.

ಇಬ್ಬರಲ್ಲಿ ಒಬ್ಬನನ್ನು ಮಾತ್ರ ಕಾಯಂ ಮಾಡುವುದೆಂದಾಯಿತು. ಕ್ಲಾಸ್ ನಡೆಸುವ ಸರ್ ಪರೀಕ್ಷೆ ಇಟ್ಟರು: ವರ್ಚುವಲ್ ಮಷಿನ್ನಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಕಂಪ್ಯೂಟರಿನಲ್ಲಿ, ಲಿನಕ್ಸ್ ಹಾಕಿ, ಅವರೆದುರೇ ಅದರ ಪುಟ್ಟ ಪರದೆಯನ್ನು ಹಿಗ್ಗಿಸುವ ಗೆಸ್ಟ್ ಸಾಫ್ಟ್‌ವೇರ್ ಕೂರಿಸಿ, ಪರದೆ ತುಂಬ ತೋರಿಸಬೇಕು. ಆ ಸಾಫ್ಟ್‌ವೇರ್ ಮಹಾ ಹಟಮಾರಿ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಹೆಡರ್ ಫೈಲುಗಳನ್ನು ಕೇಳುತ್ತದೆ. ಕರ್ನಲ್ಲಿನ ನಂಬರಿಗೂ ಹೆಡರಿನ ನಂಬರಿಗೂ ಒಂದಂಕಿ ಆಚೀಚೆಯಾದರೆ ಒಲ್ಲೆ ಅನ್ನುತ್ತದೆ. ವಾರವಿಡೀ ತಲೆ ಚಚ್ಚಿಕೊಂಡು ಇದನ್ನು ಕಂಡುಕೊಂಡೆ. ಕಂಡುಕೊಂಡವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬುತ್ತಿ ಬಿಚ್ಚಿದಾಗ ಅದನ್ನೂ ಅವನಿಗೆ ಬಡಿಸಿದೆ.

ಪರೀಕ್ಷೆಯ ಹಿಂದಿನ ದಿನ ಸಂಜೆ ಅವನೆಂದ, "ಹಳೇ ಕರ್ನಲ್ ತೋರಿಸಿದ್ರ ಸರ್ ನಗ್ತಾರಲೇ. ಎಲ್ಲಾ ಅಪ್‌ಡೇಟ್ ಮಾಡಿ ಬಂದ್ ಮಾಡು. ಚಲೋ ಕಾಣತೈತಿ."

ನೆಟ್ ಇದ್ದ ಹೊರಗಿನ ಕೋಣೆಯಲ್ಲಿ ಕೂತು ಮಾಡಿದೆ. ಬೆಳಿಗ್ಗೆ ಸರ್ ಎದುರು ಮಷಿನ್ ಹೊಸ ಕರ್ನಲ್ಲಿನೊಂದಿಗೆ ಎದ್ದಿತು, ಹೆಡರ್ ಸಿಗುತ್ತಿಲ್ಲ ಎಂದಿತು. ನನ್ನ ಹತ್ತಿರ ಇದ್ದದ್ದು ಹಳೆಯ ನಂಬರಿನ ಹೆಡರ್. ಪರೀಕ್ಷೆಯ ಕೋಣೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಇವೆರಡೂ ಅವನಿಗೆ ಗೊತ್ತಿತ್ತು.

ನಾನು ಬೆವರುತ್ತಿದ್ದಾಗ ಅವನು ಅಂಗಿಯ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದ. ಐದು ನಿಮಿಷದಲ್ಲಿ ಪರದೆ ತುಂಬಿತು. ಸರ್ ಅವನ ಬೆನ್ನು ತಟ್ಟಿದರು. ನಾನೂ ಬೆಪ್ಪನ ಹಾಗೆ, ಪುಣ್ಯಾತ್ಮ ಮಾನ ಉಳಿಸಿದ ಅಂದುಕೊಂಡೆ.

ಆಮೇಲೆ ಅವನ ಪೆನ್‌ಡ್ರೈವಿನ ಫೈಲುಗಳ ಪಟ್ಟಿಯ ಮೇಲೆ ಕಣ್ಣು ಬಿತ್ತು. ಹೊಸ ನಂಬರಿನ ಹೆಡರ್, ಇಳಿಸಿಕೊಂಡದ್ದು ಹಿಂದಿನ ದಿನ ಮಧ್ಯಾಹ್ನ. ನನಗೆ ಅಪ್‌ಡೇಟ್ ಮಾಡೆಂದು ಹೇಳುವ ಮೊದಲೇ. ಕಾಯಂ ಕೆಲಸ ಇನ್ನು ಅವನದೇ. ಸರ್‌ಗೆ ಹೇಳೋಣವೆಂದರೆ, ಅಪ್‌ಡೇಟ್ ಮಾಡಿದ್ದು ನನ್ನದೇ ಕೈ.

ಮಧ್ಯಾಹ್ನ ಅವನು ಎಂದಿನಂತೆ ಬಂದು ಪಕ್ಕದಲ್ಲಿ ಕೂತ.

"ಅವ್ವ ಇವತ್ತ ಏನ್ ಪಲ್ಯಾ ಕಳಿಸ್ಯಾಳಲೇ?"

ಬುತ್ತಿ ಮುಚ್ಚಲು ಕೈ ಬರಲಿಲ್ಲ. ಅವನ ಪಾಲಿನ ಎರಡು ರೊಟ್ಟಿ ಅವನ ಕಡೆ ಸರಿಸಿದೆ. ಉಂಡ ಮನೆಗೆ ಎರಡು ಬಗೆಯುವವರಿದ್ದಾರೆ ಎಂದು ಕೇಳಿದ್ದೆ. ಬಗೆದ ಮೇಲೂ ಉಣ್ಣಲು ಬಂದು ಕೂರುವವನನ್ನು ಅಂದೇ ನೋಡಿದ್ದು.