ಮೀಸೆಪ್ಪನ ಮಂಡಕ್ಕಿ

ನಮ್ಮ ಅತ್ತೆ ಮಹಾಂತಮ್ಮನವರ ಮೂಗಿಗೆ ಹೊಸಮನೆ ಬಡಾವಣೆಯ ನಮ್ಮ ಬೀದಿಯೇ ಹೆದರುತ್ತದೆ. ಮೂರನೇ ಮನೆಯಲ್ಲಿ ಆಮ್ಲೆಟ್ ಹಾಕಿದರೆ ಇವರು ನಮ್ಮ ಕಿಟಕಿ ಮುಚ್ಚುತ್ತಾರೆ. ಮೀನು ಮಾರುಕಟ್ಟೆಯ ಹತ್ತಿರ ಆಟೋ ಹೋದರೆ, "ಬೇರೆ ದಾರಿ ಇರ್ಲಿಲ್ವೇನಪ್ಪಾ ನಿಂಗೆ?" ಎಂದು ಡ್ರೈವರನ್ನು ಬೈಯುತ್ತಾರೆ. ಇಂಥವರು ದಿನಕ್ಕೆರಡು ಹೊತ್ತು ಹಾಲ್‌ನಲ್ಲಿ ಮೀನಿನ ತೊಟ್ಟಿಯ ಮುಂದೆ ಕೂರುತ್ತಿದ್ದರು, ಆ ತೊಟ್ಟಿ ಗಬ್ಬು ನಾರುತ್ತಿತ್ತು. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರು ಅನ್ನುತ್ತಾರಲ್ಲ, ಹಾಗೆ.

ತೊಟ್ಟಿ ತಂದದ್ದು ನನ್ನ ಗಂಡ ಶಿವರಾಜ್. ವರ್ಗವಾಗಿ ಹೋದ ಅವರ ಆಫೀಸಿನವರೊಬ್ಬರು ಕೊಟ್ಟರಂತೆ. ಬಣ್ಣದ ಮೀನುಗಳೆಲ್ಲ ಒಂದೊಂದಾಗಿ ಸತ್ತು ಗೇಣುದ್ದದ ಒಂದು ಕ್ಯಾಟ್‌ಫಿಶ್ ಮಾತ್ರ ಉಳಿಯಿತು. ಮೀಸೆ ಇದ್ದುದರಿಂದ ಅತ್ತೆ ಅದಕ್ಕೆ ಮೀಸೆಪ್ಪ ಎಂದು ಹೆಸರಿಟ್ಟರು. ಮಾವ ತೀರಿಕೊಂಡ ಮೇಲೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅವನೊಬ್ಬನ ಜೊತೆಗೆ. ನನ್ನ ಮೇಲಿನ ದೂರುಗಳೂ ಅಲ್ಲೇ ದಾಖಲಾಗುತ್ತಿದ್ದವು.

ಮೀನಿಗೆ ಹಾಕಲು ಅಂಗಡಿಯಿಂದ ತಂದ ಗುಳಿಗೆಯಲ್ಲಿ ಒಣಮೀನಿನ ಪುಡಿ ಇರುತ್ತದೆಂದು ಯಾರೋ ಹೇಳಿದ ದಿನವೇ ಆ ಡಬ್ಬಿ ಬೀದಿಗೆ ಹೋಯಿತು. "ಲಿಂಗಪೂಜೆ ಮಾಡೋ ಮನೆ ಇದು. ನಾವು ತಿಂದಿದ್ದೇ ಅದೂ ತಿನ್ಲಿ" ಎಂದು ಮಂಡಕ್ಕಿ ಶುರುಮಾಡಿದರು. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ತಳದಲ್ಲಿ ಬದುಕುವ ಮೀನು ಅದರಲ್ಲಿ ಎಷ್ಟು ತಿಂದಿತೋ! ಮಿಕ್ಕದ್ದು ನೆನೆದು, ಮುಳುಗಿ, ಜಲ್ಲಿಯ ಸಂದಿಯಲ್ಲಿ ಕೊಳೆತು ಲೋಳೆಯಾಯಿತು. ನೀರು ಬದಲಿಸೋಣವೆಂದರೆ, "ಅದು ಕೊಳಕು ತಿಂದು ತೊಟ್ಟಿ ಕ್ಲೀನ್ ಮಾಡೋ ಮೀನು ಕಣೇ ರಂಜಿನಿ" ಎನ್ನುತ್ತಿದ್ದರು. ಒಣಮೀನು ಮೈಲಿಗೆ, ಕೊಳಕು ಮಾತ್ರ ಶುದ್ಧ ಸಸ್ಯಾಹಾರ! ಆ ಹಾಲ್‌ನಲ್ಲಿ ಕೂತು ಕಾಫಿ ಕುಡಿಯಲು ನನಗೆ ಹೇಸಿಗೆಯಾಗುತ್ತಿತ್ತು.

ಹೋದ ಆಷಾಢದಲ್ಲಿ ಮೀಸೆಪ್ಪ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದ. ಹೊಟ್ಟೆಯ ಮೇಲೆ ಕೆಂಪು ಗೆರೆಗಳು, ಮೀಸೆಗಳು ಕರಗಿ ಮೊಂಡಾಗಿದ್ದವು. ಅತ್ತೆ ಊಟ ಬಿಟ್ಟರು. "ಇವ್ನೂ ಹೋದ್ರೆ ನಾನ್ಯಾರ ಹತ್ರ ಮಾತಾಡ್ಲಿ?" ಎಂದು ಅತ್ತರು. ನನಗೆ ಸಂಕಟವೂ ಆಯಿತು, ಕೋಪವೂ ಬಂತು.

ಭದ್ರಾವತಿಯಿಂದ ಮುರುಗೇಶಪ್ಪನವರನ್ನು ಕರೆಸಿದೆವು. ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನೀರು ಪರೀಕ್ಷೆ ಮಾಡಿ ನಿವೃತ್ತರಾದವರು, ಈಗ ಮನೆಮನೆಯ ಮೀನಿನ ತೊಟ್ಟಿ ನೋಡುತ್ತಾರೆ. ಅವರು ನೀರಿಗೆ ಅದ್ದಿದ ಪರೀಕ್ಷೆಯ ಕಾಗದದ ಪಟ್ಟಿ ಕಡುಹಸಿರಾಯಿತು, ನೀರು ಕೆಟ್ಟಿದೆಯೆಂಬುದರ ಗುರುತು.

"ರೋಗ ಮೀನಿಗಲ್ಲಮ್ಮ, ನೀರಿಗೆ. ಕಕ್ಕಸು ಗುಂಡೀಲಿ ಬಿಟ್ಟಂಗಿದೆ. ಮೂರು ದಿನ ತಿನ್ನೋಕೆ ಏನೂ ಹಾಕ್ಬೇಡಿ. ಹಿಂದಿನ ದಿನ ಹಿಡಿದಿಟ್ಟ ನೀರಲ್ಲಿ ದಿನಾ ಕಾಲು ಭಾಗ ಬದಲಾಯ್ಸಿ. ಉಪ್ಪು ಗಿಪ್ಪು ಸುರೀಬೇಡಿ, ಇದ್ರ ಮೈ ತಡ್ಕೊಳಲ್ಲ. ಆಮೇಲೆ ಮುಳುಗೋ ಗುಳಿಗೆ, ದಿನಕ್ಕೆ ಒಂದೋ ಎರಡೋ. ಮಂಡಕ್ಕಿ ನೀವು ತಿನ್ನಿ."

ಮೂರನೇ ದಿನ ಬೆಳಿಗ್ಗೆ ನೀರು ಬದಲಿಸಲು ಹೋದರೆ ಮೇಲೆಲ್ಲ ಮಂಡಕ್ಕಿ ತೇಲುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಏನತ್ತೆ ಇದು?"

"ಜಂಗಮರು ಬರ್ಲಿ, ಭಿಕ್ಷೆಯವ್ರು ಬರ್ಲಿ, ಈ ಮನೆಯಿಂದ ಯಾರ್ನೂ ಹಸಿದು ಕಳ್ಸಿಲ್ಲ. ಸಾಯೋ ಜೀವಾನ ಉಪವಾಸ ಕೆಡವ್ಲಾ?"

ಆ ಹೊತ್ತಿಗೇ ಮುರುಗೇಶಪ್ಪನವರು ಮೀನನ್ನು ನೋಡಿ ಹೋಗಲು ಮತ್ತೆ ಬಂದರು. ತೇಲುತ್ತಿದ್ದ ಮಂಡಕ್ಕಿ ನೋಡಿದರು, ಜಗಳವಾಡಲಿಲ್ಲ. ಪೈಪಿನ ತುದಿಯನ್ನು ಜಲ್ಲಿಯೊಳಗೆ ತೂರಿಸಿ ತಳದ ನೀರನ್ನು ಬಕೆಟ್ಟಿಗೆ ಎಳೆದರು. ಬಂದದ್ದು ಚರಂಡಿಯ ಕೆಸರು. ಕೊಳೆತ ಮೊಟ್ಟೆಯ ನಾತ ಮನೆ ತುಂಬಿತು. ಆ ಬಕೆಟ್ಟನ್ನು ಅತ್ತೆಯ ಕಾಲ ಬುಡದಲ್ಲಿಟ್ಟು, "ನೀವು ಬಡಿಸಿದ ಊಟ ಇದು, ಒಂದ್ಸಲ ಬಗ್ಗಿ ನೋಡಿ" ಎಂದರು.

ಅತ್ತೆ ಬಗ್ಗಿದರು. ಮರುಕ್ಷಣ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡರು. ನಾನು ಅವರ ಹಣೆ ಹಿಡಿದುಕೊಂಡೆ. ಸುಧಾರಿಸಿಕೊಂಡು ಕೇಳಿದರು, "ಇದ್ರೊಳಗೇ ಇದ್ನೇನೇ ಅವ್ನು?"

"ಉಸಿರಾಡ್ತಿದ್ದಿದ್ದೂ ಇದನ್ನೇ" ಎಂದೆ. ಬೇರೆ ದಿನವಾಗಿದ್ದರೆ ಎದುರು ಮಾತಾಡಿದೆನೆಂದು ಬೈಯುತ್ತಿದ್ದರು. ಅಂದು ಮುಖ ತೊಳೆದುಕೊಂಡರು, ಅಷ್ಟೆ.

ಮತ್ತೆ ಮೂರು ದಿನ ಯಾರೂ ತೊಟ್ಟಿಗೆ ಏನೂ ಹಾಕಲಿಲ್ಲ. ಹೊಟ್ಟೆಯ ಕೆಂಪು ತಿಳಿಯಾಯಿತು, ಮೀಸೆಪ್ಪ ತಳಕ್ಕಿಳಿದ. ನಾಲ್ಕನೆಯ ದಿನ ಗುಳಿಗೆಯ ಡಬ್ಬಿ ಮನೆಯೊಳಗೆ ಬಂತು. ಮುಚ್ಚಳ ತೆಗೆದರೆ ಒಣಮೀನಿನ ವಾಸನೆ, ನಾನೇ ಮೂಗಿಗೆ ಸೆರಗು ಹಿಡಿದೆ. ನಾನು ಹಾಕುತ್ತೇನೆಂದರೆ ಅತ್ತೆ ಡಬ್ಬಿ ಕಸಿದುಕೊಂಡರು. ಚಮಚ ಕೊಡಲು ಹೋದೆ.

"ಬೇಡ. ವಿಷ ಹಾಕಿದ್ದು ಈ ಕೈಯೇ ಅಲ್ವಾ, ಊಟಾನೂ ಇದೇ ಹಾಕ್ಲಿ."

ಮುಖ ಕಿವುಚಿಕೊಂಡು ಎರಡು ಬೆರಳಲ್ಲಿ ಒಂದು ಗುಳಿಗೆ ಹಿಡಿದು ಬಿಟ್ಟರು. ಅದು ತಳ ಸೇರಿತು. ಮೀಸೆಪ್ಪ ಮೊಂಡು ಮೀಸೆಯಿಂದ ತಡಕಾಡಿ, ಒಂದು ಸಲ ತಪ್ಪಿ, ಕೊನೆಗೆ ಬಾಯಿಗೆ ತೆಗೆದುಕೊಂಡ. ಅತ್ತೆ ಕೈ ತೊಳೆಯುವುದನ್ನೂ ಮರೆತು ಅಲ್ಲೇ ಕೂತಿದ್ದರು.